ಅಪ್‌ಡೇಟ್: ಒಡ್ಡಿನ ಬುಡದಲ್ಲಿ ಜಿನುಗುತ್ತಿದ್ದ ನೀರು

ಆಳಂದ ಕಡೆಯ ನಮ್ಮ ಹೊಲದಾಗ ಅಪ್ಪ ಹಳ್ಳಕ್ಕೆ ಅಡ್ಡ ಕಟ್ಟಿಸಿದ ಮಣ್ಣಿನ ಒಡ್ಡಿನ ಬುಡ ಒದ್ದೆ ಆಗ್ತಿದೆ, ಗಾಬರಿಪಡಬೇಕಾ ಅಂತ ಕೇಳಿದ್ದೆ. ಆ ನೀರನ್ನ ಗಾಜಿನ ಲೋಟದಾಗ ಹಿಡಿದು ನೋಡ್ರಿ ಅಂದಿದ್ರಿ. ಹಿಡಿದೆ. ಚಹಾದಂಗ ಕದಡಿತ್ತು, ಸ್ವಲ್ಪ ಹೊತ್ತಿಗೆ ತಳದಾಗ ಕರಿ ಮಣ್ಣು ಕೂತಿತು. ತಿಳಿನೀರಾಗಿದ್ರೆ ಇಷ್ಟು ಹೆದರ್ತಿರಲಿಲ್ಲ. ಮಣ್ಣು ಹೊತ್ತು ಬರ್ತಿದೆ ಅಂದ್ರೆ ಒಡ್ಡು ಒಳಗಿಂದ ಟೊಳ್ಳಾಗ್ತಿದೆ. ಕೆಳಗಡೆ ಇರೋ ಕಾಕಾನ ಮನೆಯವರನ್ನೆಲ್ಲ ಆ ರಾತ್ರಿಯೇ ನಮ್ಮನೆಗೆ ಕರ್ಕೊಂಡು ಬಂದೆ.

ಮರುದಿನ ನಿವೃತ್ತ ಎಂಜಿನಿಯರೊಬ್ಬರು ಬಂದು ನೋಡಿದ್ರು. ಎರಿ ಮಣ್ಣು ಬ್ಯಾಸಗಿಯಾಗ ಬಿರಿದ ಜಾಗ, ಅದರ ಪಕ್ಕ ಹೆಗ್ಗಣದ ಬಿಲ. ಕೈ ಹಾಕಿದ್ರೆ ಮೊಣಕೈವರೆಗೆ ಇಳೀತು. ಒಡ್ಡಿನ ಮ್ಯಾಲಿನ ಜಾಲಿ ಗಿಡ ಬೇರು ಸಮೇತ ಕೀಳ್ತೀನಿ ಅಂತ ಆಗ ಬರೆದಿದ್ದೆ, ಆದ್ರೆ ನೀರು ತುಂಬಿರುವಾಗ ಮುಟ್ಟಬ್ಯಾಡ ಅಂದ್ರು. ನೀರನ್ನೂ ಒಮ್ಮೆಲೇ ಬಿಡಬಾರದು, ಒಡ್ಡಿನ ನೀರಿನ ಕಡೆಯ ಹಸಿ ಮಣ್ಣು ಕುಸೀತದ ಅಂದ್ರು. ಪಂಪ್ ಹಚ್ಚಿ ದಿನಾ ಸ್ವಲ್ಪ ಸ್ವಲ್ಪ ಇಳಿಸಿದ್ವಿ. ಜಿನುಗೋ ಜಾಗಕ್ಕೆ ಮಣ್ಣು ಮೆತ್ತಲಿಲ್ಲ. ಮೊದಲು ಉಸುಕು, ಅದರ ಮ್ಯಾಲೆ ಸಣ್ಣ ಕಡಿ (ಜಲ್ಲಿ), ಆಮೇಲೆ ದೊಡ್ಡ ಕಲ್ಲು. ನೀರು ಹೋಗಬೇಕು, ಮಣ್ಣು ನಿಲ್ಲಬೇಕು.

ಹೆಚ್ಚಾದ ನೀರು ಹರಿದು ಹೋಗೋ ಕೋಡಿಯ ಹೂಳು, ಮುಳ್ಳು ತೆಗೆಸಿದ್ದೀನಿ. ಲೋಟದ ನೀರು ಈಗ ತಿಳಿಯಾಗಿದೆ, ಆದ್ರೂ ಬೆಳಿಗ್ಗೆ ಸಂಜೆ ಹಿಡಿದು ನೋಡ್ತೀನಿ. ಬ್ಯಾಸಗಿಗೆ ಒಡ್ಡು ಅಗೆದು, ಪದರ ಪದರವಾಗಿ ಮಣ್ಣು ತುಂಬಿ ರೋಲರ್ ಹೊಡೆಸೋದು ಬಾಕಿ.