ಪದಚರ್ಚೆ: ಕ್ಲಚ್ ‘ಹಿಡಿಯುವುದು’ ಯಾವಾಗ, ‘ಬಿಡುವುದು’ ಯಾವಾಗ?

ಪ್ರಶ್ನೆ

ನಮಸ್ಕಾರ. ಮಂಗಳೂರು, ಉಡುಪಿ ಕಡೆಯಿಂದ ಕೊಲ್ಲಿ ದೇಶಗಳ ಗ್ಯಾರೇಜುಗಳಿಗೆ ಹೋಗುವ ಐಟಿಐ ಹುಡುಗರಿಗೆಂದು ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಈಗ ಕೈಯಲ್ಲಿರುವುದು ಹಳೇ ಟೊಯೋಟಾ ಹೈಲಕ್ಸ್ ಪಿಕಪ್‌ನ (22ಆರ್ ಪೆಟ್ರೋಲ್ ಎಂಜಿನ್, 2366 ಸಿಸಿ) ಕ್ಲಚ್ ಮತ್ತು ಫ್ಲೈವೀಲ್ (ಎಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ) ಬದಲಿಸುವ ಅಧ್ಯಾಯ. ಭಾಗಗಳ ಹೆಸರಿನಲ್ಲಿ ತಕರಾರಿಲ್ಲ. ಕ್ಲಚ್ ಪ್ಲೇಟ್, ಅದನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್, ಪೆಡಲ್ ಒತ್ತಿದಾಗ ಆ ಹಿಡಿತ ಬಿಡಿಸುವ ರಿಲೀಸ್ ಬೇರಿಂಗ್, ಫ್ಲೈವೀಲಿನ ಸುತ್ತಲಿನ ಹಲ್ಲುಗಳ ರಿಂಗ್ ಗೇರ್ ಎಂದೇ ಬರೆದಿದ್ದೇನೆ. ತೊಡಕಿರುವುದು ಕ್ರಿಯಾಪದಗಳಲ್ಲಿ. ‘ಕ್ಲಚ್ ಬಿಡುತ್ತಿಲ್ಲ’ ಎಂದು ಬರೆದರೆ ಓದುವ ಹುಡುಗ ಏನೆಂದು ತಿಳಿಯಬೇಕು? ‘ಫೇಸಿಂಗ್’, ‘ಪ್ಲೇ’ ಈ ಎರಡು ಮಾತುಗಳಿಗೂ ಎರಡೆರಡು ಅರ್ಥ ಬರುತ್ತಿವೆ. ಬಲ್ಲವರು ಬಿಡಿಸಿ ಹೇಳಬೇಕು.

ಗ್ಯಾರೇಜಿನವರ ಉತ್ತರ

ಮೇಷ್ಟ್ರೇ, ಡ್ರೈವಿಂಗ್ ಕಲಿಸುವವರು ‘ಕ್ಲಚ್ ಹಿಡಿ, ಗೇರ್ ಹಾಕು, ನಿಧಾನಕ್ಕೆ ಬಿಡು’ ಅನ್ನುತ್ತಾರೆ. ಅದು ಕಾಲಿನ ಲೆಕ್ಕ. ಕಾಲು ಪೆಡಲ್ ಹಿಡಿದಾಗ ಒಳಗೆ ಪ್ಲೇಟ್ ಬಿಡುತ್ತದೆ, ಕಾಲು ಬಿಟ್ಟಾಗ ಪ್ಲೇಟ್ ಹಿಡಿಯುತ್ತದೆ. ಮೆಕ್ಯಾನಿಕ್ ಮಾತಾಡುವುದು ಪ್ಲೇಟಿನ ಲೆಕ್ಕದಲ್ಲಿ. ಹಾಗಾಗಿ ‘ಕ್ಲಚ್ ಬಿಡ್ತಾ ಇಲ್ಲ’ ಎಂದರೆ ಅವನಿಗೆ ಪೆಡಲ್ ಪೂರ್ತಿ ಒತ್ತಿದರೂ ಪ್ಲೇಟ್ ಫ್ಲೈವೀಲಿನ ಜೊತೆ ತಿರುಗುತ್ತಲೇ ಇದೆ ಎಂದರ್ಥ. ಗಾಡಿ ತಂದವನು ಅದೇ ಮಾತನ್ನು ಪೆಡಲ್ ಕೆಳಗೇ ಕಚ್ಚಿಕೊಂಡಿದೆ, ಮೇಲೆ ಬರುತ್ತಿಲ್ಲ ಎನ್ನಲು ಹೇಳಿರಬಹುದು. ಎರಡಕ್ಕೂ ರಿಪೇರಿ ಬೇರೆ ಬೇರೆ.

ಕೈಪಿಡಿಯಲ್ಲಿ ಬರಿಯ ‘ಕ್ಲಚ್’ ಹಿಡಿಯುವುದೂ ಬೇಡ, ಬಿಡುವುದೂ ಬೇಡ. ಕಾಲಿನ ಕೆಲಸಕ್ಕೆ ‘ಪೆಡಲ್ ಒತ್ತು’, ‘ಪೆಡಲಿನಿಂದ ಕಾಲು ತೆಗೆ’ ಎನ್ನಿ. ಒಳಗಿನದಕ್ಕೆ ಪ್ಲೇಟ್ ಹಿಡಿಯುತ್ತದೆ, ಬಿಡುತ್ತದೆ, ಜಾರುತ್ತದೆ, ಅದುರುತ್ತದೆ ಎಂಬ ನಾಲ್ಕು ಮಾತು ಸಾಕು.

ಜಾರುವುದನ್ನು ಹೀಗೆ ವಿವರಿಸಿ: ಟಾಪ್ ಗೇರಿನಲ್ಲಿ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಸದ್ದು ಏರುತ್ತದೆ, ಗಾಡಿಯ ವೇಗ ಏರುವುದಿಲ್ಲ, ಸುಟ್ಟ ವಾಸನೆ ಬರುತ್ತದೆ. ಪ್ಲೇಟಿನ ಮೈಮೇಲಿನ ಉಜ್ಜುವ ಪದರ, ಎಂದರೆ ಲೈನಿಂಗ್, ಸವೆದು ರಿವೆಟ್ ತಲೆಗಿಂತ 0.3 ಮಿಮೀ ಕೂಡ ಎತ್ತರ ಉಳಿಯದಿದ್ದರೆ ಪ್ಲೇಟ್ ಮುಗಿದಂತೆ. ಲೈನಿಂಗ್ ದಪ್ಪವಿದ್ದೂ ಜಾರುತ್ತಿದ್ದರೆ ಎಣ್ಣೆ ಹುಡುಕಬೇಕು. ಕಪ್ಪಗೆ ತೆಳ್ಳಗಿದ್ದರೆ ಕ್ರ್ಯಾಂಕಿನ ಹಿಂದಿನ ಸೀಲ್ ಸೋರಿದೆ. ದಪ್ಪಗಿದ್ದು ಗಂಧಕದ ವಾಸನೆ ಹೊಡೆದರೆ ಅದು ಗೇರ್ ಆಯಿಲ್, ಸೋರಿದ್ದು ಗೇರ್‌ಬಾಕ್ಸಿನ ಮುಂದಿನ ಸೀಲ್. ಸೀಲ್ ಹಾಕದೆ ಪ್ಲೇಟ್ ಮಾತ್ರ ಬದಲಿಸಿದರೆ ಹೊಸ ಪ್ಲೇಟೂ ಬೇಗ ಎಣ್ಣೆ ಕುಡಿಯುತ್ತದೆ.

ಪ್ಲೇಟ್ ಬಿಡದಿದ್ದರೆ ರಿವರ್ಸ್ ಹಾಕುವಾಗ ಕರಕರ ಅನ್ನುತ್ತದೆ. ಇಲ್ಲಿ ಅವಸರಪಟ್ಟು ಗೇರ್‌ಬಾಕ್ಸ್ ಇಳಿಸಬಾರದು ಎಂದು ದಪ್ಪಕ್ಷರದಲ್ಲಿ ಬರೆಯಿರಿ, ಮಾರಾಯ್ರೇ. ಹೈಲಕ್ಸಿನದು ಹೈಡ್ರಾಲಿಕ್ ಕ್ಲಚ್, ಪೆಡಲಿನ ಒತ್ತು ಲೈನಿನೊಳಗಿನ ದ್ರವದ ಮೂಲಕ ಕೆಳಗಿನ ಸ್ಲೇವ್ ಸಿಲಿಂಡರಿಗೆ ಹೋಗುತ್ತದೆ. ಒಬ್ಬ ಪೆಡಲ್ ಒತ್ತಲಿ, ಇನ್ನೊಬ್ಬ ಕೆಳಗೆ ಮಲಗಿ ಸ್ಲೇವ್ ಸಿಲಿಂಡರಿನ ರಾಡ್ ಎಷ್ಟು ಚಲಿಸುತ್ತದೆ ನೋಡಲಿ. ರಾಡ್ ಅರೆಬರೆ ಚಲಿಸಿದರೆ ಲೈನಿನಲ್ಲಿ ಗಾಳಿ ಇದೆ, ಇಲ್ಲವೇ ಸಿಲಿಂಡರಿನ ರಬ್ಬರ್ ಹೋಗಿದೆ. ರಾಡ್ ಸರಿಯಾಗಿ ಚಲಿಸಿಯೂ ಪ್ಲೇಟ್ ಬಿಡದಿದ್ದರೆ ಆಗ ಗೇರ್‌ಬಾಕ್ಸ್ ಇಳಿಸಿ. ಪ್ಲೇಟ್ 0.8 ಮಿಮೀಗಿಂತ ಹೆಚ್ಚು ವಾಲಿದೆಯೇ, ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟಿನ ಉದ್ದ ಹಲ್ಲುಗಳು (ಸ್ಪ್ಲೈನ್) ತುಕ್ಕು ಹಿಡಿದು ಪ್ಲೇಟ್ ಸರಾಗವಾಗಿ ಸರಿಯುತ್ತಿಲ್ಲವೇ, ಆ ಶಾಫ್ಟಿನ ತುದಿಯನ್ನು ಹಿಡಿಯುವ ಪೈಲಟ್ ಬೇರಿಂಗ್ ಜಾಮ್ ಆಗಿದೆಯೇ ಎಂದು ನೋಡಬೇಕು.

ಲೇತ್ ಕೆಲಸದವರ ಉತ್ತರ

‘ಫೇಸಿಂಗ್’ ಬಗ್ಗೆ ನಾನು ಹೇಳುತ್ತೇನೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕ್ಲಚ್ ಫೇಸಿಂಗ್ ಎಂದರೆ ಪ್ಲೇಟಿಗೆ ರಿವೆಟ್ ಹೊಡೆದ ಲೈನಿಂಗ್. ನಮ್ಮಲ್ಲಿ ಫೇಸಿಂಗ್ ಹೊಡೆಯುವುದೆಂದರೆ ಮೈಯನ್ನು ಮಟ್ಟಸ ಮಾಡುವುದು. ಪ್ಲೇಟಿನದಕ್ಕೆ ‘ಲೈನಿಂಗ್’ ಎಂದಷ್ಟೇ ಇಟ್ಟುಕೊಳ್ಳಿ. ಫ್ಲೈವೀಲಿನದಕ್ಕೆ ‘ಹೆರೆಸು’ ಮತ್ತು ‘ಗ್ರೈಂಡಿಂಗ್ ಮಾಡಿಸು’ ಎಂದು ಎರಡು ಮಾತು ಬೇಕು, ಏಕೆಂದರೆ ಎರಡೂ ಒಂದೇ ಕೆಲಸವಲ್ಲ.

ಪ್ಲೇಟ್ ಜಾರಿ ಜಾರಿ ಕಾದ ಫ್ಲೈವೀಲಿನಲ್ಲಿ ನೀಲಿ ಮಚ್ಚೆಗಳು ಬರುತ್ತವೆ. ಅದು ಬರೀ ಬಣ್ಣವಲ್ಲ. ಅಲ್ಲಿನ ಬೀಡುಕಬ್ಬಿಣ ಕಾದು ಥಟ್ಟನೆ ತಣಿದು ಗಡುಸಾಗಿರುತ್ತದೆ. ಲೇತ್ ಟೂಲ್‌ನಿಂದ ಹೆರೆದರೆ ಟೂಲ್ ಆ ಮಚ್ಚೆಯ ಮೇಲೆ ಹಾರಿಹೋಗಿ ಸಣ್ಣ ಉಬ್ಬು ಬಿಡುತ್ತದೆ. ಗಾಡಿ ಎಬ್ಬಿಸುವಾಗ ಕ್ಯಾಬಿನ್ ಅದುರಲು ಆ ಉಬ್ಬು ಸಾಕು. ಗ್ರೈಂಡಿಂಗ್ ಕಲ್ಲಾದರೆ ಮಚ್ಚೆಯನ್ನೂ ಸುತ್ತಲಿನ ಲೋಹವನ್ನೂ ಒಂದೇ ಮಟ್ಟಕ್ಕೆ ತರುತ್ತದೆ. ಮಚ್ಚೆಯಿದ್ದರೆ ಗ್ರೈಂಡಿಂಗ್, ಬರೀ ಗೀರುಗಳಿದ್ದರೆ ಹೆರೆಸಿದರೂ ನಡೆಯುತ್ತದೆ. ಬಿರುಕು ಬೋಲ್ಟ್ ತೂತಿನವರೆಗೆ ಓಡಿದ್ದರೆ ಎರಡೂ ಬೇಡ, ಹೊಸ ಫ್ಲೈವೀಲ್ ತರಿಸಿ.

ಎಷ್ಟು ತೆಗೆದರೆ ಎಷ್ಟು ಕೆಡುತ್ತದೆ ಎಂಬುದೂ ಪಾಠದಲ್ಲಿರಲಿ. ಪ್ರೆಶರ್ ಪ್ಲೇಟ್ ಕೂರುವ ಅಂಚು ಮತ್ತು ಪ್ಲೇಟ್ ಉಜ್ಜುವ ಮೈ ಬೇರೆ ಬೇರೆ ಎತ್ತರದಲ್ಲಿರುವ ಫ್ಲೈವೀಲಿನಲ್ಲಿ ಉಜ್ಜುವ ಮೈ ಮಾತ್ರ ತೆಗೆದರೆ ಪ್ಲೇಟಿನ ಮೇಲಿನ ಒತ್ತಡ ಕಡಿಮೆಯಾಗಿ ಹೊಸ ಪ್ಲೇಟೂ ಜಾರುತ್ತದೆ. ಒಂದರಲ್ಲಿ 0.3 ಮಿಮೀ ತೆಗೆದರೆ ಇನ್ನೊಂದರಲ್ಲೂ ಅಷ್ಟೇ ತೆಗೆಯಬೇಕು. ತಿರುಗಿ ಕೂರಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೋಡಿ, ವಾಲುವಿಕೆ 0.1 ಮಿಮೀ ದಾಟಬಾರದು.

ರಿಂಗ್ ಗೇರ್ ಬಗ್ಗೆ ಒಂದು ಮಾತು. ನಾಲ್ಕು ಸಿಲಿಂಡರ್ ಎಂಜಿನ್ ಆಫ್ ಆದಾಗ ಹೆಚ್ಚಾಗಿ ಎದುರುಬದುರಿನ ಎರಡು ಜಾಗಗಳಲ್ಲಿ ಒಂದರಲ್ಲಿ ನಿಲ್ಲುತ್ತದೆ. ಸ್ಟಾರ್ಟರ್ ಬಂದು ಕಚ್ಚುವುದು ಅಲ್ಲೇ, ಹಲ್ಲು ಸವೆಯುವುದೂ ಅಲ್ಲೇ. ಹುಡುಗರು ರಿಂಗನ್ನು ಒಂದು ಕಡೆ ನೋಡಿ ಸುಮ್ಮನಾಗದೆ ಸುತ್ತಲೂ ನೋಡಲಿ.

ಫ್ಲೈವೀಲಿಗೆ ‘ಗತಿಚಕ್ರ’ ಎಂದು ಯಾರಾದರೂ ಸೂಚಿಸುವ ಮೊದಲೇ ಹೇಳಿಬಿಡುತ್ತೇನೆ: ಆ ಹೆಸರಿನಲ್ಲಿ ಕೇಳಿದರೆ ಶಾರ್ಜಾದಲ್ಲೂ ಸಿಗುವುದಿಲ್ಲ, ಸುರತ್ಕಲ್‌ನಲ್ಲೂ ಸಿಗುವುದಿಲ್ಲ.

ಕೇಳಿದವರು

ಹೆರೆಸು ಚೆನ್ನಾಗಿದೆ, ತೆಗೆದುಕೊಂಡೆ. ‘ಪ್ಲೇ’ಗೆ ‘ಬಿಡುವು’ ಎಂದರೆ ಹೇಗೆ? ಪೆಡಲಿಗೆ 5ರಿಂದ 15 ಮಿಮೀ ಬಿಡುವು ಇರಲಿ ಎಂದು ಬರೆಯಬಹುದಲ್ಲ?

ಗ್ಯಾರೇಜಿನವರು

ಬೇಡ ಸರ್. ಪ್ಲೇಟ್ ‘ಬಿಡುವುದು’ ಎಂದು ಮೇಲಿನ ಪುಟದಲ್ಲಿ ಬರೆದು ಕೆಳಗಿನ ಪುಟದಲ್ಲಿ ‘ಬಿಡುವು’ ಎಂದರೆ ಮತ್ತೆ ಅದೇ ಗೋಜಲು. ಗ್ಯಾರೇಜಿನಲ್ಲಿ ‘ಬೇರಿಂಗ್ ಪ್ಲೇ ಬಂದಿದೆ’ ಎಂದರೆ ಸವೆದು ಸಡಿಲಾಗಿದೆ ಎಂದೇ ಅರ್ಥ, ಅದು ದೋಷ. ಪೆಡಲಿಗೆ ಇರಬೇಕಾದ್ದು ದೋಷವಲ್ಲ. ಇರಬೇಕಾದ್ದಕ್ಕೆ ‘ಪೆಡಲ್ ಪ್ಲೇ’ ಎಂದೇ ಇಡಿ, ಸವೆತದ್ದಕ್ಕೆ ‘ಅಲುಗಾಟ’ ಎನ್ನಿ. ಆಗ ಪೈಲಟ್ ಬೇರಿಂಗಿನಲ್ಲಿ ಅಲುಗಾಟ ಕಂಡರೆ ಬದಲಿಸು, ಪೆಡಲ್ ಪ್ಲೇ 5ರಿಂದ 15 ಮಿಮೀ ಇಡು ಎಂದು ವಾಕ್ಯಗಳು ಬೇರೆಬೇರೆಯಾಗಿ ನಿಲ್ಲುತ್ತವೆ.

ಜೋಡಿಸುವ ಭಾಗದಲ್ಲೂ ಕ್ರಿಯಾಪದ ಹದವಾಗಿರಲಿ. ‘ಬಿಗಿ ಮಾಡು’ ಸಾಲದು. ಪ್ರೆಶರ್ ಪ್ಲೇಟಿನ ಬೋಲ್ಟ್‌ಗಳನ್ನು ಎದುರುಬದುರಾಗಿ, ಒಂದೊಂದು ಸುತ್ತಿನಂತೆ ಬಿಗಿಯಬೇಕು, ಬಿಚ್ಚುವಾಗಲೂ ಹಾಗೆಯೇ. ಒಂದನ್ನೇ ಪೂರ್ತಿ ಬಿಗಿದರೆ ಕವರ್ ಸೊಟ್ಟಗಾಗಿ ಪ್ಲೇಟ್ ಒಂದು ಕಡೆ ಹಿಡಿಯುತ್ತದೆ. ಕೊನೆಯ ಬಿಗಿ 22ಆರ್‌ಗೆ ಕವರ್ ಬೋಲ್ಟ್ 19 ನ್ಯೂಟನ್ ಮೀಟರ್, ಫ್ಲೈವೀಲ್ ಬೋಲ್ಟ್ 108 ನ್ಯೂಟನ್ ಮೀಟರ್. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಬದಿ ಗೇರ್‌ಬಾಕ್ಸಿನ ಕಡೆಗೆ ಬರಬೇಕು. ತಿರುವುಮುರುವಾದರೆ ಸ್ಪ್ರಿಂಗಿನ ಭಾಗ ಫ್ಲೈವೀಲ್ ಬೋಲ್ಟಿಗೆ ತಗಲುತ್ತದೆ, ಪ್ಲೇಟ್ ಬಿಡುವುದೇ ಇಲ್ಲ. ಬಿಗಿಯುವ ಮೊದಲು ಅಲೈನ್‌ಮೆಂಟ್ ಟೂಲ್ ಅಥವಾ ಹಳೇ ಇನ್‌ಪುಟ್ ಶಾಫ್ಟ್ ತೂರಿಸಿ ಪ್ಲೇಟನ್ನು ನಡುವಿಗೆ ತನ್ನಿ. ಸ್ಪ್ಲೈನಿಗೆ ಗ್ರೀಸ್ ‘ಹಚ್ಚು’ ಎಂದು ಬರೆದರೆ ಹುಡುಗರು ಮುದ್ದೆ ಇಡುತ್ತಾರೆ, ತಿರುಗುವಾಗ ಅದು ಚಿಮ್ಮಿ ಲೈನಿಂಗಿಗೆ ಬೀಳುತ್ತದೆ. ‘ತೆಳುವಾಗಿ ಸವರಿ, ಉಳಿದದ್ದು ಒರೆಸು’ ಎಂದು ಬರೆಯಿರಿ.

ಗೇರ್‌ಬಾಕ್ಸ್ ಏರಿಸುವಾಗ ಅದರ ಭಾರ ಇನ್‌ಪುಟ್ ಶಾಫ್ಟಿನ ಮೇಲೆ ‘ತೂಗಬಾರದು’. ಜಾಕ್ ಕೊಟ್ಟೇ ಇರಬೇಕು, ಇಲ್ಲದಿದ್ದರೆ ಪ್ಲೇಟಿನ ನಡುಭಾಗ ಬಾಗುತ್ತದೆ. ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚುವ ಗೇರ್‌ಬಾಕ್ಸಿನ ಮುಂಭಾಗ) ಕೂರದೆ ಅರ್ಧ ಇಂಚು ಉಳಿದರೆ ಬೋಲ್ಟ್ ಹಾಕಿ ಎಳೆಯುವುದೂ ಬೇಡ, ಪ್ಲೇಟ್ ನಡುವಿಗಿಲ್ಲ ಎಂದರ್ಥ. ಹಳೇ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರಬಹುದು, ಏರ್ ಹೊಡೆದು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊಸ ಪ್ಲೇಟ್ ಮತ್ತು ಫ್ಲೈವೀಲಿನ ಮೈ ಒಂದಕ್ಕೊಂದು ಹೊಂದಿಕೊಳ್ಳುವುದಕ್ಕೆ ನಮ್ಮಲ್ಲಿ ‘ಕೂರುವುದು’ ಅನ್ನುತ್ತೇವೆ, ಅದನ್ನೇ ಇಡಿ: ‘ಪ್ಲೇಟ್ ಕೂರುವವರೆಗೆ, ಮೊದಲ 500 ಕಿಮೀ, ಪೂರ್ತಿ ಲೋಡ್ ಹಾಕಬಾರದು, ಏರಿನಲ್ಲಿ ಹಾಫ್ ಕ್ಲಚ್‌ನಲ್ಲಿ ಗಾಡಿ ನಿಲ್ಲಿಸಬಾರದು.’ ಅಲ್ಲಿ ಹಾಫ್ ಕ್ಲಚ್ ಎಂದರೆ ಕಾಲೂ ಅರ್ಧ, ಪ್ಲೇಟೂ ಅರ್ಧ. ಆ ಒಂದು ಕಡೆ ಮಾತ್ರ ಡ್ರೈವರ್ ಲೆಕ್ಕವೂ ನಮ್ಮ ಲೆಕ್ಕವೂ ಒಂದೇ.