ಫೋರ್ಡ್ ಮಾಡೆಲ್ ಟಿ: ಏರು ಬಂದರೆ ಎಂಜಿನ್ ನಿಂತುಹೋಗುತ್ತಿದೆ, ಏನು ಮಾಡಲಿ?

ಹಳೇಗಾಡಿ_ಹುಚ್ಚ:
ಗುರುಗಳೇ, ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ. ಪಕ್ಕದ ಮನೆ ಅಜ್ಜನ ಹತ್ತಿರ 1923ರ ಮಾಡೆಲ್ ಟಿ ಇದೆ, ಭಾನುವಾರ ಬಂತು ಅಂದ್ರೆ ಇಬ್ಬರೂ ಅದರ ಕೆಳಗೇ. ಸಮ ರಸ್ತೆಯಲ್ಲಿ ಚೆನ್ನಾಗಿ ಓಡುತ್ತೆ. ಏರು ಸಿಕ್ಕರೆ ಎರಡು ಸಲ ಕೆಮ್ಮಿ ನಿಲ್ಲುತ್ತೆ. ಹಿಂದಕ್ಕೆ ಇಳಿಸಿ ತಂದರೆ ಏನೂ ಆಗೇ ಇಲ್ಲ ಅನ್ನೋ ಥರ ಸ್ಟಾರ್ಟ್ ಆಗುತ್ತೆ. ಪ್ಲಗ್ ಒರೆಸಿದೆ. ಪ್ಲಗ್‌ಗೆ ಕಿಡಿ ಕೊಡೋ ನಾಲ್ಕೂ ಕಾಯಿಲ್ ಜೇನುಹುಳದ ಹಾಗೆ ಗುಂಯ್ ಅಂತಿವೆ. ಸುಮ್ನೆ ಒಂದು ಎಲೆಕ್ಟ್ರಿಕ್ ಫ್ಯೂಯಲ್ ಪಂಪ್ ಹಾಕಿಬಿಡಲಾ?

ಸ್ಪ್ಯಾನರ್_ಮಾಮ:
ಬೇಡ ಮಾರಾಯ್ರೇ! ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್‌ಗೆ ಕೊಡೋ ಆ ಕಾರ್ಬುರೇಟರ್ ಪಂಪಿನ ಒತ್ತಡ ತಡೆಯಲ್ಲ, ಪೆಟ್ರೋಲ್ ಉಕ್ಕುತ್ತೆ. ಮೊದಲು ಮುಂದಿನ ಸೀಟು ಎತ್ತಿ, ಟ್ಯಾಂಕ್ ಅಲ್ಲೇ ಇದೆ. ಕಡ್ಡಿ ಅದ್ದಿ ಎಷ್ಟಿದೆ ನೋಡಿ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಎಂಜಿನ್‌ಗೆ ಹೋಗಬೇಕು, ಗಾಡಿ ಮೂತಿ ಎತ್ತಿದಾಗ ಕಾರ್ಬುರೇಟರೂ ಮೇಲೇರುತ್ತೆ, ಟ್ಯಾಂಕಲ್ಲಿ ಕಮ್ಮಿ ಇದ್ದರೆ ಹರಿಯೋದೇ ಇಲ್ಲ. ಆಗಿನವರು ರಿವರ್ಸ್‌ನಲ್ಲಿ ಗುಡ್ಡ ಹತ್ತುತ್ತಿದ್ದದ್ದು ಇದಕ್ಕೇ, ಆಗ ಟ್ಯಾಂಕೇ ಮೇಲಾಗುತ್ತೆ. ರಿವರ್ಸ್ ಗೇರಿಗೆ ಎಳೆಯೋ ಶಕ್ತಿಯೂ ಜಾಸ್ತಿ.

ಹೆನ್ರಿ ಫೋರ್ಡ್ ಬೆಲೆ ಇಳಿಸೋ ಹಟದ ಮನುಷ್ಯ. 1908ರಲ್ಲಿ 825 ಡಾಲರಿಗೆ ಶುರುವಾದ ಗಾಡಿ 1925ಕ್ಕೆ 260 ಡಾಲರಿಗೆ ಸಿಗುತ್ತಿತ್ತು. ಮೊದಲ 2500ರಷ್ಟು ಗಾಡಿಗಳಿಗೆ ಎಂಜಿನ್ ತಣ್ಣಗಿಡೋ ನೀರಿನ ಪಂಪಾದರೂ ಇತ್ತು, ಆಮೇಲೆ ಅದನ್ನೂ ತೆಗೆದರು, ಬಿಸಿ ನೀರು ತಾನೇ ಮೇಲೇರುತ್ತಲ್ಲ ಅಂತ. ಇನ್ನು ಪೆಟ್ರೋಲಿಗೆ ಪಂಪ್ ಎಲ್ಲಿಂದ ಬರಬೇಕು?

ಗ್ರೀಸ್_ಕೈ:
1926ರ ಮಾದರಿಯಲ್ಲಿ ಟ್ಯಾಂಕ್ ವಿಂಡ್‌ಶೀಲ್ಡ್ ಮುಂದಕ್ಕೆ, ಎತ್ತರಕ್ಕೆ ಬಂತು, ಆಗ ಈ ಕಾಟ ತಪ್ಪಿತು. ನಾಲ್ಕು ಬಾಗಿಲಿನ ಸೆಡಾನ್ ಬಿಟ್ಟು. ನಿಮ್ಮದು 1923 ಅಲ್ವಾ, ಅರ್ಧ ಟ್ಯಾಂಕ್ ಇದ್ದೂ ನಿಂತರೆ ಕಸ ಕಟ್ಟಿರಬಹುದು. ಟ್ಯಾಂಕ್ ಮುಚ್ಚಳದಲ್ಲಿ ಗಾಳಿ ಹೋಗೋ ಸಣ್ಣ ತೂತು ಇರುತ್ತೆ, ಅದು ಮುಚ್ಚಿದ್ದರೆ ಪೆಟ್ರೋಲ್ ಸರಿಯಾಗಿ ಇಳಿಯಲ್ಲ, ಅದನ್ನೂ ನೋಡಿ. ಟ್ಯಾಂಕ್ ತಳದ ಸೆಡಿಮೆಂಟ್ ಬಲ್ಬ್, ಅಂದ್ರೆ ಪೆಟ್ರೋಲಿನ ಕಸ ಹಿಡಿಯೋ ಬಟ್ಟಲು, ಬಿಚ್ಚಿ. ಎಂಜಿನ್ ತಣ್ಣಗಿರಲಿ, ಗಾಡಿ ಹೊರಗಿರಲಿ, ಬೀಡಿ ಸಿಗರೇಟು ದೂರ.

ಹಳೇಗಾಡಿ_ಹುಚ್ಚ:
ಸಿಕ್ಕಿತು! ಕಡ್ಡಿ ಅರ್ಧ ಟ್ಯಾಂಕ್ ತೋರಿಸಿತು. ಬಲ್ಬ್ ಬಿಚ್ಚಿದರೆ ಜಾಲರಿ ಮೇಲೆ ಕಾಫಿ ಗಸಿ ಥರ ತುಕ್ಕು. ಮುಚ್ಚಳದ ತೂತಿಗೆ ಯಾರೋ ಪೇಂಟ್ ಬಳಿದಿದ್ದರು, ಸೂಜಿಯಲ್ಲಿ ಬಿಡಿಸಿದೆ. ಈಗ ಮನೆ ಹಿಂದಿನ ಏರು ಆರಾಮಾಗಿ ಹತ್ತುತ್ತೆ. ಚರ್ಚ್ ಹತ್ತಿರದ ಕಡಿದಾದ ಏರಲ್ಲಿ ಮಾತ್ರ ಮತ್ತೆ ಕೆಮ್ಮಿತು. ಅಜ್ಜ ಏನೂ ಹೇಳದೆ ಗಾಡಿ ತಿರುಗಿಸಿ, ರಿವರ್ಸಿಗಿರೋ ನಡುವಿನ ಪೆಡಲ್ ಒತ್ತಿ, ಕತ್ತು ಹಿಂದಕ್ಕೆ ತಿರುಗಿಸಿಕೊಂಡು ರಿವರ್ಸ್‌ನಲ್ಲೇ ಹತ್ತಿಸಿಬಿಟ್ಟರು.