‘ಲಾರ್ಡೇಷಿಯಸ್’ ಅಂದರೆ ಕೊಬ್ಬಿನದ್ದೋ, ಕೊಬ್ಬಿನಂಥದ್ದೋ?

ಪದಕುತೂಹಲಿ:
19ನೇ ಶತಮಾನದ ಇಂಗ್ಲಿಷ್ ಶವಪರೀಕ್ಷೆ ವಿವರಣೆಯೊಂದನ್ನು ಕನ್ನಡಕ್ಕೆ ತರಬೇಕಾಗಿದೆ. ಅದರಲ್ಲಿ ಗುಲ್ಮ (ಸ್ಪ್ಲೀನ್), ಯಕೃತ್ತು, ಮೂತ್ರಪಿಂಡ ಮೂರಕ್ಕೂ ‘ಲಾರ್ಡೇಷಿಯಸ್’ ಎಂಬ ವಿಶೇಷಣ ಹಾಕಿದ್ದಾರೆ. ನಿಘಂಟು ‘ಹಂದಿಕೊಬ್ಬಿನಂಥ’ ಅನ್ನುತ್ತದೆ. ಎರಡು ಸಾಲಿನ ಕೆಳಗೆ ಅದೇ ಯಕೃತ್ತನ್ನು ‘ವ್ಯಾಕ್ಸಿ’ (ಮೇಣದಂಥ) ಅಂದಿದ್ದಾರೆ. ಇನ್ನೊಂದು ಶವದ ಯಕೃತ್ತಿಗೆ ಮಾತ್ರ ‘ಫ್ಯಾಟಿ’. ಈ ಮೂರೂ ಒಂದೇ ಅರ್ಥದ ಪದಗಳೇ? ‘ಕೊಬ್ಬಿನ ಗುಲ್ಮ’ ಅಂತ ಬರೆದರೆ ತಪ್ಪಾಗುತ್ತದೆಯೇ? ಈಗಿನ ವೈದ್ಯಕೀಯ ಬರಹದಲ್ಲೂ ಈ ಪದ ಉಳಿದಿದೆಯೇ?

ಸೂಕ್ಷ್ಮದರ್ಶಿ:
‘ಕೊಬ್ಬಿನ’ ಅಂತ ಮಾತ್ರ ಬರೆಯಬೇಡಿ. ಆ ಗುಲ್ಮ ದಪ್ಪಗಾಗಿರುವುದು ಕೊಬ್ಬಿನಿಂದಲ್ಲ, ಜೀವಕೋಶಗಳ ಹೊರಗೆ ಜಮೆಯಾಗುವ ಅಮಿಲಾಯ್ಡ್ ಎಂಬ ಪ್ರೋಟೀನ್‌ನಿಂದ. ‘ಲಾರ್ಡೇಷಿಯಸ್’, ‘ವ್ಯಾಕ್ಸಿ’ ಎರಡೂ ಕಣ್ಣಿಗೆ ಕಂಡದ್ದನ್ನು ಹೇಳುವ ಪದಗಳು. ‘ಫ್ಯಾಟಿ’ ಒಳಗಿರುವ ವಸ್ತುವನ್ನೇ ಹೇಳುತ್ತದೆ. ನಿಮ್ಮ ಮೂಲ ಬರಹದವರು ಈ ವ್ಯತ್ಯಾಸ ತಿಳಿದೇ ಬೇರೆ ಬೇರೆ ಪದ ಹಾಕಿದ್ದಾರೆ, ಅನುವಾದದಲ್ಲೂ ಅದು ಉಳಿಯಬೇಕು.

ಮೇಜಿನ ಮೇಲಿಟ್ಟು ಕೊಯ್ದರೆ ಎರಡೂ ಬೇರೆ ಅನ್ನುವುದು ತಕ್ಷಣ ಗೊತ್ತಾಗುತ್ತದೆ. ಕೊಬ್ಬು ತುಂಬಿದ ಯಕೃತ್ತು ಹಳದಿ, ಮೆತ್ತಗೆ, ಚಾಕುವಿನ ಅಲಗಿಗೆ ಜಿಡ್ಡು ಮೆತ್ತಿಕೊಳ್ಳುತ್ತದೆ. ಕೊಬ್ಬು ಬಹಳವಿದ್ದರೆ ತುಂಡು ನೀರಿನಲ್ಲಿ ತೇಲುವುದೂ ಉಂಟು. ಅಮಿಲಾಯ್ಡ್ ತುಂಬಿದ್ದು ಬಿಳಿಚಿದ ಬೂದುಬಣ್ಣ, ಗಟ್ಟಿ, ಬೆರಳಿನಿಂದ ಒತ್ತಿದರೆ ರಬ್ಬರಿನಂತೆ ಎದುರು ನಿಲ್ಲುತ್ತದೆ. ತೆಳ್ಳಗೆ ಕೊಯ್ದ ಹೋಳನ್ನು ಬೆಳಕಿಗೆ ಹಿಡಿದರೆ ಅಂಚು ಅರೆಪಾರದರ್ಶಕ. ಚಾಕುವಿಗೆ ಜಿಡ್ಡು ಹತ್ತುವುದಿಲ್ಲ.

ಗುಲ್ಮದಲ್ಲಿ ಇನ್ನೊಂದು ಒಳಭೇದವಿದೆ. ಅಮಿಲಾಯ್ಡ್ ಬಿಳಿ ತಿರುಳಿನ ಕಣಗಳಲ್ಲಿ ಮಾತ್ರ ಕೂತರೆ, ಕೊಯ್ದ ಮೈಮೇಲೆ ಬೆಂದ ಸಬ್ಬಕ್ಕಿ ಕಾಳು ಚೆಲ್ಲಿದಂತೆ ಕಾಣುತ್ತದೆ. ಅದಕ್ಕೆ ‘ಸೇಗೋ ಸ್ಪ್ಲೀನ್’ ಎಂದೇ ಹೆಸರು. ಕೆಂಪು ತಿರುಳಿನ ತುಂಬ ಹರಡಿದರೆ ಕಾಳು ಕಾಣುವುದಿಲ್ಲ, ಇಡೀ ಮೈ ಒಂದೇ ಸಮನೆ ಮೇಣ ಸವರಿದಂತಿರುತ್ತದೆ. ಗುಲ್ಮದ ಮಟ್ಟಿಗೆ ‘ಲಾರ್ಡೇಷಿಯಸ್’ ಅನ್ನುವುದು ಈ ಎರಡನೆಯದಕ್ಕೆ. ಸಾಮಾನ್ಯವಾಗಿ 150 ಗ್ರಾಂ ಆಸುಪಾಸು ತೂಗುವ ಗುಲ್ಮ ಆಗ 800 ಗ್ರಾಂವರೆಗೂ ಹೋಗಬಹುದು.

ಪದದ ಇತಿಹಾಸ ಚಿಕ್ಕದು. ವಿಯೆನ್ನಾದ ರೋಗಶಾಸ್ತ್ರಜ್ಞ ರೊಕಿಟಾನ್ಸ್ಕಿ 1842ರಲ್ಲಿ ಇಂಥ ಅಂಗಗಳನ್ನು ಹಂದಿನೆಣಕ್ಕೆ ಹೋಲಿಸಿ ವಿವರಿಸಿದ. 1854ರಲ್ಲಿ ಜರ್ಮನ್ ರೋಗಶಾಸ್ತ್ರಜ್ಞ ವಿರ್ಕೋ ಅಯೋಡಿನ್ ಹಾಕಿ ನೋಡಿ, ಪಿಷ್ಟದಂತೆ ಬಣ್ಣ ತಿರುಗಿತೆಂದು ‘ಅಮಿಲಾಯ್ಡ್’ ಎಂದು ಕರೆದ. ಅಂದರೆ ‘ಪಿಷ್ಟದಂಥದ್ದು’. 1859ರಲ್ಲಿ ಫ್ರೀಡ್ರೈಖ್ ಮತ್ತು ಕೆಕುಲೆ ಎಂಬ ವಿಜ್ಞಾನಿಗಳು ಇದು ಪಿಷ್ಟವಲ್ಲ, ಪ್ರೋಟೀನ್ ಬಗೆಯದು ಎಂದು ತೋರಿಸಿದರು. ನೋಡಿ, ಒಂದೇ ವಸ್ತುವಿಗೆ ಮೂರು ಹೆಸರು: ನೆಣ, ಮೇಣ, ಪಿಷ್ಟ. ಮೂರೂ ಹೋಲಿಕೆ, ಒಂದೂ ನಿಜವಲ್ಲ. ಉಳಿದುಕೊಂಡದ್ದು ಮೂರನೆಯದು. ಈಗಿನ ವರದಿಯಲ್ಲಿ ‘ಲಾರ್ಡೇಷಿಯಸ್’ ಕಾಯಿಲೆಯ ಹೆಸರಾಗಿ ಬರುವುದಿಲ್ಲ. ಪಠ್ಯಪುಸ್ತಕದಲ್ಲಿ ಗುಲ್ಮದ ವರ್ಣನೆಗೆ ಮಾತ್ರ ಉಳಿದಿದೆ.

ನುಡಿಕಸುಬು:
ಗೊಂದಲದ ಬೇರು ‘ಲಾರ್ಡ್’ ಪದದಲ್ಲೇ ಇದೆ. ಈಗಿನ ಇಂಗ್ಲಿಷಿನಲ್ಲಿ ಅದು ಹಂದಿಯ ನೆಣ ಕಾಸಿ ಇಳಿಸಿದ ಬಿಳಿ ಕೊಬ್ಬು, ಡಾಲ್ಡಾ ಹಾಗೆ ಮೆತ್ತಗೆ, ಬೆಳಕು ಹಾಯದ್ದು. ಆದರೆ ಫ್ರೆಂಚಿನ ‘ಲಾರ್’, ಜರ್ಮನಿನ ‘ಸ್ಪೆಕ್’ ಅಂದರೆ ಉಪ್ಪು ಹಾಕಿ ಕೆಡದಂತೆ ಮಾಡಿದ, ಎಷ್ಟೋ ಸಲ ಹೊಗೆಗೂ ಹಿಡಿದ ಹಂದಿನೆಣದ ಗಟ್ಟಿ ಪಟ್ಟಿ. ಅದನ್ನು ತೆಳ್ಳಗೆ ಕೊಯ್ದರೆ ಗಾಜಿನಂತೆ ಬೆಳಕು ಒಳಗೆ ಇಳಿಯುತ್ತದೆ. ರೊಕಿಟಾನ್ಸ್ಕಿ ಬರೆದದ್ದು ಜರ್ಮನಿನಲ್ಲಿ, ಮನಸ್ಸಿನಲ್ಲಿದ್ದದ್ದು ಈ ಪಟ್ಟಿ. ಕೊಡಗಿನ ಪಂದಿ ಕರಿ ತಿಂದವರಿಗೆ ಬೆಂದ ನೆಣದ ಪದರ ಹೇಗೆ ಮಿನುಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಡಬ್ಬಿಯಲ್ಲಿ ಹೆಪ್ಪುಗಟ್ಟಿದ ಕೊಬ್ಬಿನ ಚಿತ್ರ ತಲೆಯಲ್ಲಿಟ್ಟುಕೊಂಡು ಅನುವಾದಿಸಿದರೆ ದಾರಿ ತಪ್ಪುತ್ತದೆ.

ಕನ್ನಡದಲ್ಲಿ ಕೈಗೆ ಸಿಗುವ ಪದಗಳ ಬಗ್ಗೆ:

‘ಕೊಬ್ಬಿನ’ ಬೇಡ. ಫ್ಯಾಟಿ ಲಿವರ್‌ಗೆ ಪತ್ರಿಕೆಗಳು ಆಗಲೇ ಬಳಸುತ್ತಿವೆ. ‘ಕೊಬ್ಬಿದ’ ಇನ್ನೂ ಕೆಟ್ಟದ್ದು, ಸೊಕ್ಕಿದ ಗುಲ್ಮವಾಗುತ್ತದೆ!

‘ಜಿಡ್ಡಿನ’ ಸಹ ಬೇಡ. ಜಿಡ್ಡು ಮುಟ್ಟಿದಾಗ ತಿಳಿಯುವ ಗುಣ, ಈ ಅಂಗಕ್ಕೆ ಅದಿಲ್ಲ ಎಂದು ಮೇಲಿನವರು ಹೇಳಿದ್ದಾರೆ. ಒಂದು ಅಕ್ಷರ ಜಾರಿದರೆ ‘ಜಡ್ಡು’ ಆಗುತ್ತದೆ, ಉತ್ತರ ಕರ್ನಾಟಕದಲ್ಲಿ ಅದಕ್ಕೆ ಕಾಯಿಲೆ ಅಂತಲೇ ಅರ್ಥ. ಅಚ್ಚಿನ ತಪ್ಪೂ ಸರಿಯಾಗಿಯೇ ಓದಿಸಿಕೊಂಡುಬಿಡುವ ಅಪಾಯ.

‘ಮೇಣದಂಥ’ ಸರಿ, ಆದರೆ ಕರಾವಳಿ, ಮಲೆನಾಡಿನ ಓದುಗರಿಗೆ ಮೇಣ ಅಂದ ಕೂಡಲೇ ನೆನಪಾಗುವುದು ಹಲಸಿನ ಮೇಣ. ಅದು ಅಂಟು, ಕೈಗೆ ಹತ್ತಿದರೆ ಕೊಬ್ಬರಿ ಎಣ್ಣೆ ಹಚ್ಚದೆ ಬಿಡದು. ಇಲ್ಲಿ ಬೇಕಾದದ್ದು ಅಂಟಲ್ಲ, ಮಂದ ಹೊಳಪು. ಮೊದಲ ಸಲ ‘ಜೇನುಮೇಣದಂಥ’ ಅಂತ ಬರೆದು, ಮುಂದೆ ‘ಮೇಣದಂಥ’ ಎಂದರೆ ಗೊಂದಲವಿಲ್ಲ.

‘ಲಾರ್ಡೇಷಿಯಸ್’ಗೆ ನನ್ನ ಸಲಹೆ ‘ನೆಣದಂತೆ ಮಿರುಗುವ’. ‘ನೆಣ’ ಹಳೆಗನ್ನಡದಿಂದ ಬಂದ ಪದ, ಮಾಂಸದಲ್ಲಿ ಕಾಣುವ ಗಟ್ಟಿ ಪದರಕ್ಕೇ ಹೇಳುವುದು. ಮಾಂಸದ ಅಂಗಡಿಯ ‘ಚರ್ಬಿ’ಗಿಂತ ಬರಹಕ್ಕೆ ಒಗ್ಗುತ್ತದೆ. ‘-ಅಂತೆ’ ಬಿಡಬೇಡಿ, ಇಡೀ ಅರ್ಥ ನಿಂತಿರುವುದು ಆ ಪ್ರತ್ಯಯದ ಮೇಲೆ. ‘ನೆಣದ ಗುಲ್ಮ’ ಎಂದರೆ ಮತ್ತೆ ಹಳೇ ತಪ್ಪೇ.

ಪದಕುತೂಹಲಿ:
ಇಬ್ಬರಿಗೂ ಧನ್ಯವಾದ. ಎರಡು ಕಡೆ ಇನ್ನೂ ಸಿಕ್ಕು. ಒಂದು, ಅದೇ ಬರಹದಲ್ಲಿ ಹೃದಯದ ಬಲಗೋಣೆಯಲ್ಲಿ ‘ಲಾರ್ಡೇಷಿಯಸ್ ಕ್ಲಾಟ್’ ಇತ್ತು ಎಂದಿದೆ. ಅದೂ ಅಮಿಲಾಯ್ಡೇ? ಎರಡು, ಅಂಗದ ಮೇಲೆ ಅಯೋಡಿನ್ ಸುರಿದರು ಎಂಬ ಸಾಲು ಬಂದಿದೆ. ಅಲ್ಲಿ ನಿಜಕ್ಕೂ ಏನು ನಡೆಯುತ್ತಿತ್ತು?

ಸೂಕ್ಷ್ಮದರ್ಶಿ:
ಹೆಪ್ಪಿನ ವಿಷಯದಲ್ಲಿ ಅಮಿಲಾಯ್ಡ್ ಅಲ್ಲ. ವಿಶೇಷಣ ನೋಟವನ್ನಷ್ಟೇ ಹೇಳುವುದರಿಂದ ಬೇರೆ ವಸ್ತುವಿಗೂ ಅಂಟಿಕೊಂಡಿದೆ. ಸತ್ತ ಮೇಲೆ ರಕ್ತ ನಿಧಾನವಾಗಿ ಹೆಪ್ಪಾಗುವಾಗ ಕೆಂಪು ಕಣಗಳು ಕೆಳಗಿಳಿಯುತ್ತವೆ, ಮೇಲೆ ಫೈಬ್ರಿನ್ (ಹೆಪ್ಪು ಕಟ್ಟುವ ನಾರಿನಂಥ ಪ್ರೋಟೀನ್) ಮತ್ತು ಪ್ಲಾಸ್ಮಾದ (ರಕ್ತದ ದ್ರವಭಾಗದ) ಹಳದಿ ಪದರ ನಿಲ್ಲುತ್ತದೆ. ಈಗಿನ ಪುಸ್ತಕಗಳಲ್ಲಿ ಇದಕ್ಕೆ ‘ಚಿಕನ್ ಫ್ಯಾಟ್ ಕ್ಲಾಟ್’ ಎಂಬ ಹೆಸರು. ಇಲ್ಲೂ ಕೋಳಿಯಿಲ್ಲ, ಕೊಬ್ಬೂ ಇಲ್ಲ. ಇದು ಮೆತ್ತಗೆ, ಎಳೆದರೆ ಬಗ್ಗುತ್ತದೆ, ಗೋಡೆಗೆ ಅಂಟಿರುವುದಿಲ್ಲ, ಎತ್ತಿದರೆ ಕೋಣೆಯ ಅಚ್ಚಿನಂತೆ ಹೊರಬರುತ್ತದೆ. ಬದುಕಿದ್ದಾಗಲೇ ಆದ ಹೆಪ್ಪು ಒಣಗಿದಂತಿದ್ದು ಪುಡಿಯಾಗುತ್ತದೆ, ಗೋಡೆಗೆ ಕಚ್ಚಿಕೊಂಡಿರುತ್ತದೆ, ಕೊಯ್ದರೆ ಬಿಳಿ-ಕೆಂಪು ಗೆರೆಗಳು ಕಾಣಬಹುದು. ಸಾವಿನ ಕಾರಣ ನಿರ್ಧರಿಸುವಾಗ ಈ ಎರಡನ್ನು ಅದಲುಬದಲು ಮಾಡಿದರೆ ದೊಡ್ಡ ಅನರ್ಥ. ಹಾಗಾಗಿ ಅನುವಾದದಲ್ಲಿ ‘ನೆಣದಂತೆ ಹಳದಿಯಾದ ಹೆಪ್ಪು’ ಎಂದು ಬಣ್ಣವನ್ನೂ ಹೇಳಿಬಿಡಿ.

ಅಯೋಡಿನ್ ಪರೀಕ್ಷೆ ಹೀಗೆ: ಹಸಿ ಅಂಗದಿಂದ ತೆಳುಹೋಳು ಕೊಯ್ದು, ರಕ್ತ ಹೋಗುವವರೆಗೆ ನೀರಿನಲ್ಲಿ ತೊಳೆದು, ಅಯೋಡಿನ್ ದ್ರಾವಣ ಹಾಕಿ ಕೆಲವು ನಿಮಿಷ ಬಿಡುವುದು. ಅಮಿಲಾಯ್ಡ್ ಇರುವ ಕಡೆ ಮಹಾಗನಿ ಮರದಂಥ ಕಡುಕಂದು, ಉಳಿದ ಕಡೆ ತಿಳಿಹಳದಿ. ಆಮೇಲೆ ದುರ್ಬಲ ಸಲ್ಫ್ಯೂರಿಕ್ ಆಮ್ಲ ಹಾಕಿದರೆ ಕಂದು ಬಣ್ಣ ನೀಲಿ ಅಥವಾ ನೇರಳೆಗೆ ತಿರುಗಬಹುದು. ತೊಳೆಯುವುದು ಸಾಲದಿದ್ದರೆ ಉಳಿದ ರಕ್ತವೇ ಕಂದಾಗಿ ಕಂಡು ಮೋಸ ಮಾಡುತ್ತದೆ. ಆಮ್ಲದ ಹಂತವಂತೂ ಎಲ್ಲ ಸಲವೂ ಕೈಗೂಡುವುದಿಲ್ಲ.

ಈಗ ಖಚಿತಪಡಿಸುವುದು ಕಾಂಗೋ ರೆಡ್ ಬಣ್ಣದಿಂದ. ಅದನ್ನು ಬೆನ್‌ಹೋಲ್ಡ್ 1922ರಲ್ಲಿ ತಂದ. ಸಾಮಾನ್ಯ ಸೆಕ್ಷನ್ (ಸ್ಲೈಡಿಗೆಂದು ಕೊಯ್ದ ತೆಳುಹೋಳು) 3-5 ಮೈಕ್ರೋಮೀಟರ್ ಇದ್ದರೆ ಇದಕ್ಕೆ 8-10 ಬೇಕು. ತೀರ ತೆಳ್ಳಗಾದರೆ ಸ್ವಲ್ಪವೇ ಇರುವ ಅಮಿಲಾಯ್ಡ್ ತಪ್ಪಿಹೋಗುತ್ತದೆ. ಪುಖ್ಟ್‌ಲರ್ ವಿಧಾನದಲ್ಲಿ 80% ಆಲ್ಕೋಹಾಲಿನಲ್ಲಿ ಉಪ್ಪು ಕರಗುವಷ್ಟು ಕರಗಿಸಿದ ದ್ರಾವಣದ 100 ಮಿ.ಲೀ.ಗೆ 1% ಸೋಡಿಯಂ ಹೈಡ್ರಾಕ್ಸೈಡ್ 1 ಮಿ.ಲೀ. ಬೆರೆಸಿ ಅದರಲ್ಲಿ ಹೋಳನ್ನು 20 ನಿಮಿಷ ಇಡಬೇಕು, ನಂತರ ಹಾಗೆಯೇ ಕ್ಷಾರ ಬೆರೆಸಿದ ಕಾಂಗೋ ರೆಡ್‌ನಲ್ಲಿ 20 ನಿಮಿಷ. ಕ್ಷಾರವನ್ನು ಬಳಸುವ ಹೊತ್ತಿಗೇ ಬೆರೆಸಬೇಕು. ಬೆರೆಸಿಟ್ಟ ದ್ರಾವಣ ಬೇಗ ಕೆಡುತ್ತದೆ, ಬಣ್ಣ ಅಂಗಾಂಶದ ನಾರಿನ ಪ್ರೋಟೀನ್ ಆದ ಕೊಲಾಜನ್‌ಗೂ ಹತ್ತುತ್ತದೆ. ಕೆಂಪು ಕಂಡಿತೆಂದು ವರದಿ ಬರೆಯುವಂತಿಲ್ಲ, ಧ್ರುವೀಕೃತ ಬೆಳಕಿನಲ್ಲಿ ಸೇಬಿನ ಹಸಿರು ಕಾಣಲೇಬೇಕು. ಕೊಲಾಜನ್ ಆ ಬೆಳಕಿನಲ್ಲಿ ಬಿಳಿಯಾಗಿ ಹೊಳೆಯುತ್ತದೆ, ಅದನ್ನು ಹಸಿರು ಎಂದುಕೊಳ್ಳುವುದು ಕಲಿಯುವವರ ಮಾಮೂಲಿ ತಪ್ಪು. ಜೊತೆಗೆ ಅಮಿಲಾಯ್ಡ್ ಇದೆಯೆಂದು ಗೊತ್ತಿರುವ ಸ್ಲೈಡ್ ಒಂದನ್ನು ಪ್ರತಿ ಸಲವೂ ಓಡಿಸಿ.

ಪ್ರಯೋಗಾಲಯ_ಮೇಜು:
ಮೂತ್ರ ಪರೀಕ್ಷೆಯ ವರದಿಯಲ್ಲೂ ಇದೇ ಬಲೆ. ‘ಕಾಸ್ಟ್’ ಅಂದರೆ ಮೂತ್ರಪಿಂಡದ ಸಣ್ಣ ನಾಳಗಳಲ್ಲಿ ಅಚ್ಚಾಗಿ ಮೂತ್ರದಲ್ಲಿ ಬರುವ ತುಂಡು. ‘ವ್ಯಾಕ್ಸಿ ಕಾಸ್ಟ್’ನಲ್ಲಿ ಮೇಣವಿಲ್ಲ. ಅಗಲವಾಗಿ, ಅಂಚು ಚೂಪಾಗಿ, ಬದಿಯಲ್ಲಿ ಸೀಳು ಬಿಟ್ಟು, ಮುರಿದ ಮೇಣದಬತ್ತಿಯ ತುಂಡಿನಂತೆ ಕಾಣುವುದಕ್ಕೆ ಆ ಹೆಸರು. ಬಹುಕಾಲದಿಂದ ಮೂತ್ರಪಿಂಡ ಸೋತಿರುವುದರ ಗುರುತು. ‘ಫ್ಯಾಟಿ ಕಾಸ್ಟ್’ನಲ್ಲಿ ಮಾತ್ರ ನಿಜವಾಗಿ ಕೊಬ್ಬಿನ ಹನಿಗಳಿರುತ್ತವೆ. ಅದರಲ್ಲಿ ಕೊಲೆಸ್ಟರಾಲ್ ಬಗೆಯ ಕೊಬ್ಬು ಇದ್ದರೆ ಧ್ರುವೀಕೃತ ಬೆಳಕಿನಲ್ಲಿ ಶಿಲುಬೆಯ ಆಕಾರ ಮೂಡುತ್ತದೆ. ಮೊದಲನೆಯದನ್ನು ‘ಮೇಣದಂಥ’, ಎರಡನೆಯದನ್ನು ‘ಕೊಬ್ಬಿನ’ ಎಂದರೆ ಸಾಕು.

ಕಲ್ಲುಬಳಪ:
ಖನಿಜಶಾಸ್ತ್ರದಲ್ಲಿ ‘ವ್ಯಾಕ್ಸಿ’ ಬೇರೆ, ‘ಗ್ರೀಸಿ’ ಬೇರೆ. ಕ್ಯಾಲ್ಸೆಡನಿ ಎಂಬ ಖನಿಜದ್ದು ಮೇಣದ ಹೊಳಪು, ಇನ್ನೊಂದು ಖನಿಜ ನೆಫೆಲಿನ್‌ದು ಎಣ್ಣೆ ಸವರಿದಂಥ ಹೊಳಪು. ನೋಡುವಾಗ ಹೊಸದಾಗಿ ಒಡೆದ ಮೈಯನ್ನೇ ನೋಡಿ, ಬೆರಳು ತಾಗಿಸಬೇಡಿ. ಕೈಯ ಜಿಡ್ಡು ಹತ್ತಿದರೆ ಯಾವ ಕಲ್ಲಾದರೂ ‘ಗ್ರೀಸಿ’ಯೇ. ಬೇಲೂರು, ಹಳೇಬೀಡಿನ ಶಿಲ್ಪಗಳಿಂದ ನಮಗೆ ಪರಿಚಯವಿರುವ ಬಳಪದ ಕಲ್ಲಿಗೆ ಜರ್ಮನಿನಲ್ಲಿ ‘ಸ್ಪೆಕ್‌ಸ್ಟೈನ್’ ಅನ್ನುತ್ತಾರೆ, ನುಡಿಕಸುಬು ಅವರು ಹೇಳಿದ ಅದೇ ನೆಣದ ಪಟ್ಟಿ, ಕಲ್ಲಿನ ರೂಪದಲ್ಲಿ.

ನುಡಿಕಸುಬು:
ಒಂದು ಮಾತು ಬಿಟ್ಟುಹೋಗಿತ್ತು. ಶಾಲೆಯ ಪುಸ್ತಕಗಳಲ್ಲಿ ‘ಗುಲ್ಮ’ ಅಂದರೆ ಸ್ಪ್ಲೀನ್ ಸರಿ, ಆದರೆ ಆಯುರ್ವೇದದಲ್ಲಿ ಗುಲ್ಮ ಹೊಟ್ಟೆಯಲ್ಲಿ ಗಂಟಿನಂತೆ ಏಳುವ ರೋಗ, ಅಂಗದ ಹೆಸರು ಪ್ಲೀಹ. ‘ನೆಣದಂತೆ ಮಿರುಗುವ ಗುಲ್ಮ’ ಎಂದರೆ ಅದನ್ನು ಬಲ್ಲವರು ಗಡ್ಡೆಯೆಂದು ಓದಿಯಾರು. ಪದಕುತೂಹಲಿಯವರೇ, ಹಳೆಯ ಬರಹವಾದ್ದರಿಂದ ಮೊದಲ ಸಲ ‘ಪ್ಲೀಹ, ಅಂದರೆ ಗುಲ್ಮ’ ಎಂದು ಬರೆದು, ಆಮೇಲೆ ಪ್ಲೀಹವನ್ನೇ ಮುಂದುವರಿಸಿ.